ತರುಣರ ಚಲಚ್ಚಿತ್ರಗಳಲ್ಲಿ ಪ್ರಸ್ತಾವನೆಯ ಹಾಡು

ಸಂಸ್ಕೃತ ನಾಟಕಕ್ಕೆ ಪ್ರಸ್ತಾವನೆಯು ಹೇಗೋ ಚಲಚ್ಚಿತ್ರಕ್ಕೆ ಆರಂಭದ ನಾಮಾವಳಿಯೂ ಹಾಗೆ. ಪ್ರೌಢಶಾಲೆಯ ತರುಣತರುಣಿಯರನ್ನು ಕುರಿತ ಅಮೆರಿಕದ ಚಿತ್ರಗಳಲ್ಲಿ ಅದಕ್ಕೆ ಇನ್ನೊಂದು ಕಾರ್ಯವೂ ಉಂಟು: ಕಥೆಯು ಹಿರಿಯರ ಮಾತೋ ಕಿರಿಯರ ಮಾತೋ ಎಂಬುದು ಅಲ್ಲಿಯೇ ನಿಶ್ಚಿತವಾಗುವುದು.

1955ರ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದಲ್ಲಿ ಬಾಲಾಪರಾಧವನ್ನು ಕುರಿತ ಲಿಖಿತ ಎಚ್ಚರಿಕೆಯೊಂದು ಮೊದಲು ತೆರೆಯ ಮೇಲೆ ಬರುವುದು. ಅದರ ಬೆನ್ನಿಗೇ ಬಿಲ್ ಹೇಲಿಯ ‘ರಾಕ್ ಅರೌಂಡ್ ದಿ ಕ್ಲಾಕ್’ ಮೊಳಗುವುದು. ದೂರಿದವರೇ ತಾಳ ಹಾಕಿದಂತಾಯಿತು! ಹಾಡು ಜಗತ್ಪ್ರಸಿದ್ಧವಾಯಿತು, ಎಚ್ಚರಿಕೆಯನ್ನು ನೆನೆಯುವವರು ವಿರಳ. ಅದೇ ವರ್ಷದ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದಲ್ಲಿ ಉಪದೇಶವಿಲ್ಲ. ಕುಡಿದ ಹುಡುಗನೊಬ್ಬನು ಬೀದಿಯಲ್ಲಿ ಮಲಗಿ ಆಟದ ಕೋತಿಗೆ ಕಾಗದ ಹೊದಿಸುತ್ತಿರುವನು, ಅವನ ಮೇಲೆ ಹೆಸರುಗಳು ಹಾಯುವುವು. ಕಲೆಯ ದೃಷ್ಟಿಯಿಂದ ಇದೇ ಮೇಲು.

ಈ ಸಂಪ್ರದಾಯದ ಅತ್ಯಂತ ಚತುರವಾದ ತಿರುವು 1999ರ ‘ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯು’ ಚಿತ್ರದಲ್ಲಿ ಕಾಣುವುದು. ಇದು ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ರೂಪಾಂತರ. ಕಾರೊಂದರಲ್ಲಿ ಹುಡುಗಿಯರು ಉಲ್ಲಾಸದ ಹಾಡಿಗೆ ತಲೆದೂಗುತ್ತಿರುವಾಗ, ಪಕ್ಕಕ್ಕೆ ಬಂದ ಕ್ಯಾಟಳ ಹಳೆಯ ಕಾರಿನಿಂದ ಜೋನ್ ಜೆಟ್ಟಳ ‘ಬ್ಯಾಡ್ ರೆಪ್ಯುಟೇಷನ್’ ಹೊಮ್ಮಿ ಅದನ್ನು ಮುಳುಗಿಸಿಬಿಡುವುದು. ಮೂಲನಾಟಕದಲ್ಲಿ ಕ್ಯಾಥರೀನಳು ಬಾಯಿ ತೆರೆಯುವ ಮೊದಲೇ ಇತರರು ಅವಳನ್ನು ಹಳಿಯುವರು. ಇಲ್ಲಿ ನಾಯಿಕೆಯೇ ತನ್ನ ಅಪಕೀರ್ತಿಯನ್ನು ಆರಿಸಿಕೊಂಡು ಬೀದಿಯಲ್ಲಿ ಸಾರುವಳು. ಆದರೆ ಚಿತ್ರದ ಈ ಧೈರ್ಯವು ಕಡೆಯವರೆಗೆ ನಿಲ್ಲಲಿಲ್ಲ. ಅಂತ್ಯದಲ್ಲಿ ಶಾಲೆಯ ಮಾಳಿಗೆಯ ಮೇಲೆ ವಾದ್ಯಗೋಷ್ಠಿಯೊಂದು ಒಲವನ್ನು ಬೇಡುವ ಹಾಡನ್ನು ಹಾಡುವುದು. ಅದನ್ನು ಆರಿಸಿದವಳು ಕ್ಯಾಟಳಲ್ಲ.