ಲಿಂಕನ್ನಿನ ನಕ್ಷತ್ರಗಳ ಲೆಕ್ಕ

2021ರ ಡಿಸೆಂಬರಿನಲ್ಲಿ ಇದೇ ಅಂಕಣದಲ್ಲಿ ನಾನೊಂದು ಬರಹ ಹಾಕಿದ್ದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಟ್ಯಾಲೆಂಟ್ ಅನ್ನೋದು ಖಾಲಿಯಾಗಿದೆ, ಹಳೇ ತಂಡಗಳ ಮುಂದೆ ಈ ಹುಡುಗರು ಏನೂ ಅಲ್ಲ, ಇಷ್ಟು ಅದರ ಸಾರಾಂಶ. ಓದಿದವರೆಲ್ಲ ಹೌದೌದು ಅಂದಿದ್ದರು. ಆ ಬರಹ ತಪ್ಪು. ಯಾಕೆ ತಪ್ಪು ಅಂತ ಬರೆಯೋದಕ್ಕೆ ನನಗೆ ಮೂರು ವರ್ಷ ಬೇಕಾಯ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರನ್ನೊಬ್ಬರು ಗುದ್ದಿ ಬೀಳಿಸುವ ಅಮೆರಿಕದ ಆಟ. ನೆಬ್ರಾಸ್ಕಾ ಅಂದರೆ ದೇಶದ ನಟ್ಟನಡುವೆ ಇರುವ ಜೋಳದ ರಾಜ್ಯ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ವೃತ್ತಿಪರ ಫುಟ್‌ಬಾಲ್ ತಂಡ ಇಲ್ಲ. ಹಾಗಾಗಿ ಲಿಂಕನ್ ಊರಿನ ಕಾಲೇಜು ತಂಡವೇ ಎಲ್ಲ. 1962ರಿಂದ ಇವತ್ತಿನವರೆಗೆ ಮೆಮೋರಿಯಲ್ ಸ್ಟೇಡಿಯಂನಲ್ಲಿ ಟಿಕೆಟ್ ಉಳಿದ ಪಂದ್ಯವೇ ಇಲ್ಲ ಅಂತ ಹೆಮ್ಮೆಯಿಂದ ಹೇಳ್ತಾರೆ. ಆಟದ ದಿನ ಸ್ಟೇಡಿಯಂ ಒಳಗಿನ ಜನರನ್ನು ಎಣಿಸಿದರೆ ಅದೇ ರಾಜ್ಯದ ಮೂರನೇ ದೊಡ್ಡ ಊರು ಅನ್ನೋದು ಇಲ್ಲಿಯ ಹಳೇ ಮಾತು.

ನಾನು ದಾವಣಗೆರೆಯಿಂದ ಎಂ.ಎಸ್. ಮಾಡೋಕೆ ಅಂತ ಲಿಂಕನ್ನಿಗೆ ಬಂದಿಳಿದದ್ದು 1997ರ ಆಗಸ್ಟಿನಲ್ಲಿ. ಕೋಚ್ ಟಾಮ್ ಆಸ್ಬೋರ್ನ್ ಅವರ ಕೊನೆಯ ಸೀಸನ್ ಅದು. ಆಟದ ನಿಯಮ ಒಂದೂ ಗೊತ್ತಿರಲಿಲ್ಲ, ಆದರೂ ಜನವರಿ 1998ರಲ್ಲಿ ಆರೆಂಜ್ ಬೌಲ್‌ನಲ್ಲಿ ಪೇಟನ್ ಮ್ಯಾನಿಂಗ್ ಇದ್ದ ಟೆನೆಸೀ ತಂಡವನ್ನು 42-17ರಿಂದ ಬಡಿದ ರಾತ್ರಿ ರೂಮ್‌ಮೇಟ್‌ಗಳ ಜೊತೆ ನಾನೂ ಬೀದಿಗಿಳಿದು ಕೂಗಿದ್ದೆ. 1993ರಿಂದ 1997ರವರೆಗೆ ಆ ತಂಡ ಗೆದ್ದದ್ದು 60, ಸೋತದ್ದು 3. ಐದು ವರ್ಷದಲ್ಲಿ ಮೂರು ರಾಷ್ಟ್ರೀಯ ಚಾಂಪಿಯನ್‌ಶಿಪ್, ಕೊನೆಯದನ್ನು ಮಾತ್ರ ಮಿಶಿಗನ್ ಜೊತೆ ಹಂಚಿಕೊಂಡದ್ದು. ಇಂಥದ್ದನ್ನು ಮೊದಲ ವರ್ಷವೇ ನೋಡಿದವನಿಗೆ ಮುಂದಿನದೆಲ್ಲ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ.

2021ರ ನನ್ನ ಬರಹದಲ್ಲಿ ಆಧಾರ ಅಂತ ಕೊಟ್ಟದ್ದು ನಕ್ಷತ್ರಗಳನ್ನು. ಹೈಸ್ಕೂಲ್ ಆಟಗಾರರಿಗೆ ಇಲ್ಲಿ ಕೆಲವು ಸಂಸ್ಥೆಗಳು ಎರಡರಿಂದ ಐದರವರೆಗೆ ನಕ್ಷತ್ರ ಕೊಡ್ತವೆ. ಯಾವ ಕಾಲೇಜು ಎಷ್ಟು ನಕ್ಷತ್ರದ ಹುಡುಗರನ್ನು ಸೇರಿಸಿಕೊಂಡಿತು ಅಂತ ಪ್ರತಿ ವರ್ಷ ಪಟ್ಟಿ ಬರುತ್ತೆ. ಚಾಂಪಿಯನ್ ಆಗಬೇಕಾದರೆ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಲ್ಕು-ಐದು ನಕ್ಷತ್ರದವರಿರಬೇಕು ಅನ್ನೋ ಒಂದು ಸೂತ್ರವೂ ಇದೆ. ಸೂತ್ರ ಆಗ ಸುಳ್ಳಾಗಿರಲಿಲ್ಲ, ಅಲಬಾಮಾ, ಜಾರ್ಜಿಯಾ, ಒಹಾಯೋ ಸ್ಟೇಟ್ ನೋಡಿದರೆ ಸಾಕು. ಆ ಅಳತೆಯಲ್ಲಿ ನೆಬ್ರಾಸ್ಕಾ ಗೆರೆ ಮುಟ್ಟೋದಿಲ್ಲ. ಅಲ್ಲಿಗೆ ಕೇಸ್ ಮುಗೀತು ಅಂತ ನಾನು ಬರೆದುಬಿಟ್ಟಿದ್ದೆ.

ಆದರೆ 2021ರ ತಂಡವನ್ನೇ ನೋಡಿ. 12 ಪಂದ್ಯ, 3 ಗೆಲುವು, 9 ಸೋಲು. ಆ ಒಂಬತ್ತರಲ್ಲಿ ಒಂದೂ ಹತ್ತು ಅಂಕದ ಸೋಲಲ್ಲ. ಒಕ್ಲಹೋಮಾ ವಿರುದ್ಧ 23-16, ಮಿಶಿಗನ್ ವಿರುದ್ಧ 32-29, ಒಹಾಯೋ ಸ್ಟೇಟ್ ವಿರುದ್ಧ 26-17. ಇಡೀ ಸೀಸನ್ನಿನ ಅಂಕ ಕೂಡಿಸಿದರೆ ನೆಬ್ರಾಸ್ಕಾ ಹೊಡೆಸಿಕೊಂಡದ್ದಕ್ಕಿಂತ ಹೊಡೆದದ್ದೇ ಹೆಚ್ಚು. ಮಿಶಿಗನ್ ಸ್ಟೇಟ್ ಜೊತೆ ಗೆದ್ದೇಬಿಟ್ಟೆವು ಅನ್ನುವಾಗ ಒಂದು ಪಂಟ್ ಒದ್ದರು, ಎದುರಿನವನು ಅದನ್ನು ಹಿಡಿದು ಗೆರೆ ದಾಟಿಸಿದ. ಐಯೋವಾ ಜೊತೆ ಕೊನೆಯ ಕ್ವಾರ್ಟರಿನಲ್ಲೂ ಮುಂದಿದ್ದರು. ಪಂಟ್ ಒದ್ದಾಗ ಅಡ್ಡ ಬಂದು ತಡೆದು ಅದನ್ನೇ ಟಚ್‌ಡೌನ್ ಮಾಡಿಕೊಂಡರು. ಪ್ರತಿಭೆ ಇಲ್ಲದ ತಂಡ ಒಹಾಯೋ ಸ್ಟೇಟ್ ಜೊತೆ ಒಂಬತ್ತು ಅಂಕಕ್ಕೆ ಸೋಲಲ್ಲ, ಐವತ್ತಕ್ಕೆ ಸೋಲುತ್ತೆ. ಪಂಟ್ ತಡೆಸಿಕೊಳ್ಳೋದಕ್ಕೂ ನಕ್ಷತ್ರಕ್ಕೂ ಏನು ಸಂಬಂಧ? ಅದು ಕಲಿಸುವವರ ಲೆಕ್ಕ. ಆ ನಾಲ್ಕು ವರ್ಷ ನೆಬ್ರಾಸ್ಕಾದ ನಕ್ಷತ್ರಗಳು ಐಯೋವಾಕ್ಕಿಂತ ಹೆಚ್ಚೇ ಇದ್ದವು. ಗೆದ್ದದ್ದು ಪ್ರತಿ ವರ್ಷ ಐಯೋವಾ.

ಹಾಗಾದರೆ 1995ರ ಆ ಪ್ರತಿಭೆ ಬಂದದ್ದು ಎಲ್ಲಿಂದ? ಊರಿನ ಬಾರ್‌ಗಳಲ್ಲಿ ಕೇಳಿದರೆ ಒಂದೇ ಉತ್ತರ: ಹೊಲದಲ್ಲಿ ದುಡಿದ ನಮ್ಮ ಹುಡುಗರು. ಅರ್ಧ ನಿಜ. ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್ ಫ್ಲಾರಿಡಾದವನು. ಗ್ರಾಂಟ್ ವಿಸ್ಟ್ರಮ್ ಮಿಸೌರಿಯವನು, ಜೇಸನ್ ಪೀಟರ್ ನ್ಯೂಜೆರ್ಸಿಯವನು. ಇವರಿಬ್ಬರೂ 1998ರ ಎನ್‌ಎಫ್‌ಎಲ್ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಹೋದರು. ಇವರೆಲ್ಲ ಯಾವ ಕಾಲದಲ್ಲೂ ನಕ್ಷತ್ರಗಳೇ.

ಇನ್ನರ್ಧ ಇದೆಯಲ್ಲ, ಸ್ವಾರಸ್ಯ ಇರೋದು ಅದರಲ್ಲಿ. ವಾಕ್-ಆನ್ ಅಂತಾರೆ. ಸ್ಕಾಲರ್‌ಶಿಪ್ ಇಲ್ಲದೆ, ತಾನೇ ಫೀಸು ಕಟ್ಟಿಕೊಂಡು ತಂಡಕ್ಕೆ ಸೇರುವ ಹುಡುಗ. ಎಲ್ಲ ಕಾಲೇಜುಗಳಲ್ಲೂ ಇಂಥವರು ಇರ್ತಾರೆ, ಅಭ್ಯಾಸದಲ್ಲಿ ಗುದ್ದಿಸಿಕೊಳ್ಳೋದಕ್ಕೆ. ಆಸ್ಬೋರ್ನ್ ಇವರನ್ನು ಬೇರೆ ಥರ ನಡೆಸಿಕೊಂಡರು. 1973ರಲ್ಲಿ ಸ್ಕಾಲರ್‌ಶಿಪ್ಪಿಗೆ 105ರ ಮಿತಿ ಬಂತು, ಆಮೇಲೆ 95 ಆಯ್ತು, 1994ರ ಹೊತ್ತಿಗೆ 85ಕ್ಕೆ ಇಳಿಯಿತು. ಉಳಿದ ದೊಡ್ಡ ತಂಡಗಳು ಒದ್ದಾಡುವಾಗ ನೆಬ್ರಾಸ್ಕಾದಲ್ಲಿ ಫೀಸು ಕಟ್ಟಿ ಆಡೋಕೆ ರಾಜ್ಯದ ಮೂಲೆಮೂಲೆಯಿಂದ ಹುಡುಗರು ಸಾಲುಗಟ್ಟಿ ನಿಂತಿದ್ದರು. ಬೇರೆಯವರು ಒಂದು ಕಡೆ ಅಭ್ಯಾಸ ಮಾಡಿಸಿ ಉಳಿದವರನ್ನು ಗೆರೆಯಾಚೆ ನಿಲ್ಲಿಸಿದರೆ, ಇಲ್ಲಿ ಒಂದೇ ಸಲಕ್ಕೆ ಹಲವು ಕಡೆ ಅಭ್ಯಾಸ. ನಾಲ್ಕನೇ ಸಾಲಿನ ಹುಡುಗನಿಗೂ ದಿನಾ ಚೆಂಡು ಸಿಗ್ತಿತ್ತು. ಇದರ ಜೊತೆಗೆ ಬಾಯ್ಡ್ ಎಪ್ಲಿಯ ವೇಟ್‌ರೂಮು. 1969ರಲ್ಲಿ, ಭಾರ ಎತ್ತಿದರೆ ಮೈ ಬಿಗಿದು ಆಟಗಾರ ನಿಧಾನ ಆಗ್ತಾನೆ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಸಂಬಳ ಕೊಟ್ಟು ಭಾರ ಎತ್ತಿಸೋದಕ್ಕೇ ಒಬ್ಬ ಕೋಚ್ ಇಟ್ಟುಕೊಂಡ ಕಾಲೇಜು ಇದು.

ಹದಿನೆಂಟಕ್ಕೆ ಸಾಧಾರಣ ಅನ್ನಿಸಿಕೊಂಡವನು ಇಪ್ಪತ್ತೆರಡಕ್ಕೆ ಬೇರೆಯೇ ಪ್ರಾಣಿ ಆಗಿರ್ತಿದ್ದ. ಜ್ಯಾರೆಡ್ ಟಾಮಿಚ್ ಸ್ಕಾಲರ್‌ಶಿಪ್ ಇಲ್ಲದೆ ಬಂದವನು, ಹೋಗುವಾಗ ಎರಡು ಸಲ ಆಲ್-ಅಮೆರಿಕನ್. ಈಗಿನ ಪಟ್ಟಿಯಲ್ಲಿ ಅಂಥವನ ಎದುರು ಸೊನ್ನೆ ಇರ್ತಿತ್ತು. ನಮ್ಮ ಕಡೆ ಕೆಲವು ಪಿಯು ಕಾಲೇಜುಗಳು 97 ಪರ್ಸೆಂಟ್ ಬಂದವರನ್ನೇ ಸೇರಿಸಿಕೊಂಡು ಎರಡು ವರ್ಷ ಆದಮೇಲೆ "ನಮ್ಮ ಸಾಧನೆ" ಅಂತ ಫ್ಲೆಕ್ಸ್ ಹಾಕ್ತವಲ್ಲ, ಆ ಫ್ಲೆಕ್ಸು ನೋಡಿ ಪಾಠ ಹೇಗಿದೆ ಅಂತ ತಿಳಿಯೋಕೆ ಆಗುತ್ತಾ? ಬಾಗಿಲಲ್ಲಿ ಒಳಬಂದದ್ದನ್ನು ಅಳೆಯೋ ಅಳತೆ ಅದು. ಒಳಗೆ ಏನಾಯ್ತು ಅನ್ನೋದನ್ನ ಅದು ಅಳೆಯಲ್ಲ.

ಆಟದ ವಿಧಾನವೂ ಇದಕ್ಕೆ ಹೊಂದಿಕೊಂಡಿತ್ತು. ಆಸ್ಬೋರ್ನ್ ಆಡಿಸ್ತಿದ್ದದ್ದು ಆಪ್ಷನ್, ಅಂದರೆ ಎಸೆಯೋದು ಕಡಿಮೆ, ಓಡೋದು ಜಾಸ್ತಿ. ಅದಕ್ಕೆ ಬೇಕಾದದ್ದು ಗಟ್ಟಿ ಲೈನ್‌ಮನ್‌ಗಳು, ಒಬ್ಬ ಫುಲ್‌ಬ್ಯಾಕ್. ಎರಡೂ ಈ ಮಣ್ಣಲ್ಲಿ ಬೆಳೆಯುವ ಬೆಳೆ. 2003ರಲ್ಲಿ 9 ಗೆದ್ದ ಫ್ರಾಂಕ್ ಸೋಲಿಚ್‌ರನ್ನು ಮನೆಗೆ ಕಳಿಸಿ ಎನ್‌ಎಫ್‌ಎಲ್‌ನಿಂದ ಬಿಲ್ ಕ್ಯಾಲಹನ್‌ರನ್ನು ತಂದಾಗ ಆಪ್ಷನ್ ಹೋಯ್ತು, ಅದರ ಜೊತೆ ಫುಲ್‌ಬ್ಯಾಕಿನ ಕೆಲಸವೂ ಹೋಯ್ತು. ಕ್ಯಾಲಹನ್ ನಕ್ಷತ್ರ ತರೋದರಲ್ಲಿ ನಿಸ್ಸೀಮ. 2005ರಲ್ಲಿ ಅವರು ಸೇರಿಸಿದ ಗುಂಪು ದೇಶದ ಮೊದಲ ಹತ್ತರೊಳಗಿತ್ತು. ಆ ಗುಂಪು ಬಲಿತ 2007ರಲ್ಲಿ ಕ್ಯಾನ್ಸಸ್ ತಂಡ ಇವರ ಮೇಲೆ 76 ಅಂಕ ಹೊಡೆಯಿತು. ಸೀಸನ್ 5-7. ಕ್ಯಾಲಹನ್ ಹೋದರು.

ಅದೇ ಗುಂಪಿನಲ್ಲಿ ನ್ಡಾಮುಕಾಂಗ್ ಸೂ ಇದ್ದ. 76 ಕೊಟ್ಟ ಆ ಡಿಫೆನ್ಸಿನಲ್ಲಿ ಅವನೂ ಒಬ್ಬ. ಎರಡು ವರ್ಷದ ನಂತರ ಬೋ ಪೆಲಿನಿಯ ಕೈಯಲ್ಲಿ ಅವನೇ ದೇಶದ ಅತ್ಯುತ್ತಮ ಆಟಗಾರ. ಟೆಕ್ಸಸ್ ವಿರುದ್ಧದ ಬಿಗ್ 12 ಫೈನಲ್‌ನಲ್ಲಿ ಒಬ್ಬನೇ ನಾಲ್ಕೂವರೆ ಸ್ಯಾಕ್ ಮಾಡಿದ. 13-12ರಲ್ಲಿ ಸೋತೆವು, ಅದನ್ನು ನಾನಿನ್ನೂ ಮರೆತಿಲ್ಲ, ಇರಲಿ. 2007ರ ಸೂ ಮತ್ತು 2009ರ ಸೂ ಇಬ್ಬರಿಗೂ ಪಟ್ಟಿಯಲ್ಲಿ ಅಷ್ಟೇ ನಕ್ಷತ್ರ.

ಇಲ್ಲಿಂದ ಕಳೆದುಹೋದದ್ದು ಎಲ್ಲಿ ಹೋಯ್ತು ಅಂದರೆ, ಅದರಲ್ಲಿ ಒಂದಷ್ಟು ವಿಸ್ಕಾನ್ಸಿನ್‌ಗೆ ಹೋಯ್ತು. ಬ್ಯಾರಿ ಆಲ್ವರೆಜ್ ಅನ್ನುವವರು 1960ರ ದಶಕದಲ್ಲಿ ಲಿಂಕನ್ನಿನಲ್ಲಿ ಲೈನ್‌ಬ್ಯಾಕರ್ ಆಗಿ ಆಡಿದವರು. 1990ರಲ್ಲಿ ವಿಸ್ಕಾನ್ಸಿನ್‌ಗೆ ಕೋಚ್ ಆಗಿ ಹೋಗಿ ವಾಕ್-ಆನ್ ಪದ್ಧತಿಯನ್ನು ಅಲ್ಲಿ ನೆಟ್ಟರು. ಜೆ.ಜೆ. ವಾಟ್ ಅಲ್ಲಿಗೆ ಬಂದದ್ದು ವಾಕ್-ಆನ್ ಆಗಿ. 2012ರ ಬಿಗ್ ಟೆನ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ ನೆಬ್ರಾಸ್ಕಾವನ್ನು 70-31ರಿಂದ ಸೋಲಿಸಿತು. ಮನೆಯ ಬೀಜ ತಗೊಂಡು ಹೋಗಿ ಪಕ್ಕದ ಹೊಲದಲ್ಲಿ ಬಿತ್ತಿ, ಬೆಳೆ ತಂದು ನಮ್ಮ ತಲೆ ಮೇಲೇ ಸುರಿದಂಗೆ. ವೇಟ್‌ರೂಮುಗಳಂತೂ ಅಷ್ಟರಲ್ಲಿ ಎಲ್ಲ ಕಾಲೇಜಿಗೂ ಬಂದಿದ್ದವು. 1984ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಟಿವಿಯಲ್ಲಿ ಎಲ್ಲ ತಂಡಗಳೂ ಕಾಣಿಸೋಕೆ ಶುರುವಾದ್ದರಿಂದ, ದೂರದ ಹುಡುಗನಿಗೆ ನೆಬ್ರಾಸ್ಕಾ ಅನ್ನೋ ಹೆಸರು ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. 2011ರಲ್ಲಿ ಬಿಗ್ ಟೆನ್ ಸೇರಿದ ಮೇಲೆ ಟೆಕ್ಸಸ್ ಕಡೆ ಆಡುವುದೂ ನಿಂತಿತು. ಇವೆಲ್ಲ ನಿಜವಾದ ಇಳಿತವೇ, ನಾನು ಅಲ್ಲಗಳೆಯಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರತಿ ವರ್ಷ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಒಬ್ಬನಾದರೂ ಇಲ್ಲಿಯವನು ಇರ್ತಿದ್ದ. 2019ರಲ್ಲಿ ಒಬ್ಬನೂ ಇರಲಿಲ್ಲ.

ಹಳೇ ಕಾಲವನ್ನು ಹೊಗಳುವಾಗ ನಾವು ನುಂಗಿಬಿಡುವ ಒಂದು ವಿಷಯವೂ ಇದೆ. 1995ರ ಸೆಪ್ಟೆಂಬರಿನಲ್ಲಿ ಲಾರೆನ್ಸ್ ಫಿಲಿಪ್ಸ್ ತನ್ನ ಹಿಂದಿನ ಗೆಳತಿಯ ಮೇಲೆ ಹಲ್ಲೆ ಮಾಡಿದ. ಆಸ್ಬೋರ್ನ್ ಅವನನ್ನು ಆರು ಪಂದ್ಯ ಹೊರಗಿಟ್ಟು, ನವೆಂಬರಿನಲ್ಲಿ ಮತ್ತೆ ಸೇರಿಸಿಕೊಂಡರು. ಫ್ಲಾರಿಡಾವನ್ನು 62-24ರಿಂದ ಸೋಲಿಸಿದ ಫಿಯೆಸ್ಟಾ ಬೌಲ್‌ನಲ್ಲಿ ಅವನು ಆಡಿದ. ಹುಡುಗನ ಬದುಕಿಗೆ ಆಟದ ಶಿಸ್ತು ಬೇಕು ಅಂತ ಕೋಚ್ ವಾದ. ನನಗೆ ಆ ವಾದ ಆಗಲೂ ಒಪ್ಪಿಗೆಯಾಗಬೇಕಿರಲಿಲ್ಲ, ಆದರೆ ಬೀದಿಯಲ್ಲಿ ಕೂಗಿದ ಹುಡುಗ ನಾನು, ಅದರ ಬಗ್ಗೆ ಕೇಳಲೇ ಇಲ್ಲ. "ಆ ಕಾಲದ ಟ್ಯಾಲೆಂಟ್" ಅನ್ನುವಾಗ ಇದೂ ಆ ಲೆಕ್ಕದೊಳಗೇ ಬರಬೇಕು.

ಸರಿ, ನನ್ನ ಮನಸ್ಸು ಬದಲಾದದ್ದು ಹೇಗೆ? ಮಗಳು ಈಗ ಲಿಂಕನ್ನಿನಲ್ಲೇ ಓದ್ತಿದಾಳೆ. ಹೋದ ಸೆಪ್ಟೆಂಬರಿನಲ್ಲಿ ಅವಳ ಕೆಮಿಸ್ಟ್ರಿ ಲ್ಯಾಬಿನ ಜೊತೆಗಾರ ತಂಡದ ವಾಕ್-ಆನ್ ಅಂತ ಗೊತ್ತಾಗಿ, ಉತ್ಸಾಹಕ್ಕೆ ನನ್ನ ಹಳೇ ಬರಹವನ್ನ ಅವನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದಾಳೆ. ವಾರಾಂತ್ಯಕ್ಕೆ ಮನೆಗೆ ಬಂದವಳು ಊಟಕ್ಕೆ ಕೂತಾಗ ಅಂದಳು: "ಅಪ್ಪಾ, ಅವನು ಕೇಳ್ದ, ನಿಮ್ಮಪ್ಪ ನಂಗೆಷ್ಟು ಸ್ಟಾರ್ ಕೊಡ್ತಾರೆ ಅಂತ." ನಾನು ನಕ್ಕೆ. ಅವಳು ನಗಲಿಲ್ಲ. "ಅವ್ನು ಬೆಳಿಗ್ಗೆ ಆರಕ್ಕೆ ವೇಟ್‌ರೂಮಿಗೆ ಹೋಗಿ ಎಂಟಕ್ಕೆ ಲ್ಯಾಬಿಗೆ ಬರ್ತಾನೆ. ನೀನು ಯಾವತ್ತಾದ್ರೂ ಒಂದು ಪ್ರಾಕ್ಟೀಸ್ ನೋಡಿದೀಯಾ?" ನೋಡಿರಲಿಲ್ಲ. ಇಪ್ಪತ್ತೇಳು ವರ್ಷ ಪಂದ್ಯ ನೋಡಿದೀನಿ, ಪಟ್ಟಿ ಓದಿದೀನಿ.

2024ರ ಸೀಸನ್ನೇ ಒಂದು ಪಾಠ. ಲಿಂಕನ್ನಿಗೆ ಕೊನೆಗೂ ಐದು ನಕ್ಷತ್ರದ ಕ್ವಾರ್ಟರ್‌ಬ್ಯಾಕ್ ಬಂದಿದ್ದ, ಡಿಲನ್ ರೈಯೋಲಾ. ಇವನ ಅಪ್ಪ ಡಾಮಿನಿಕ್ ಇಲ್ಲೇ ಸೆಂಟರ್ ಆಡಿದವರು. ಅಕ್ಟೋಬರ್ 19ಕ್ಕೆ ಇಂಡಿಯಾನಾಕ್ಕೆ ಹೋದರು. ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲೇ ಆವರೆಗೆ ಅತಿ ಹೆಚ್ಚು ಸೋತ ತಂಡ ಅದು, ಹಿಂದಿನ ವರ್ಷ 3-9. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೇ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆತಂದಿದ್ದರು. ಅವರಲ್ಲಿ ಹೆಚ್ಚಿನವರನ್ನು ಹೈಸ್ಕೂಲಿನಲ್ಲಿ ದೊಡ್ಡ ತಂಡಗಳು ಕಣ್ಣೆತ್ತಿಯೂ ನೋಡಿರಲಿಲ್ಲ. ಸ್ಕೋರು 56-7. ಮುಂದಿನ ವಾರ ಇದೇ ನೆಬ್ರಾಸ್ಕಾ ಒಹಾಯೋ ಸ್ಟೇಟ್ ಹತ್ತಿರ 21-17ಕ್ಕೆ ಬಂತು. ಅದೇ ಹುಡುಗರು, ಅವೇ ನಕ್ಷತ್ರಗಳು, ಏಳು ದಿನದ ಅಂತರ. ಕೊನೆಗೆ ನ್ಯೂಯಾರ್ಕಿನಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿ 7-6 ಅಂತ ಮುಗಿಸಿದರು. 2016ರ ನಂತರ ಸೋಲಿಗಿಂತ ಗೆಲುವು ಹೆಚ್ಚಾದ ಮೊದಲ ವರ್ಷ. ಕೋಚ್ ಮ್ಯಾಟ್ ರೂಲ್ ವಾಕ್-ಆನ್‌ಗಳನ್ನು ಮತ್ತೆ ತುಂಬಿಕೊಂಡು ನೂರೈವತ್ತರ ಸುತ್ತಮುತ್ತ ಹುಡುಗರ ತಂಡ ಕಟ್ಟಿದ್ದರು. ದೇಶದ ಅತಿ ದೊಡ್ಡ ತಂಡಗಳಲ್ಲಿ ಅದೂ ಒಂದಾಗಿತ್ತು.

ಇನ್ನು ಅದಕ್ಕೂ ಕತ್ತರಿ. ಆಟಗಾರರಿಗೆ ಕಾಲೇಜುಗಳೇ ದುಡ್ಡು ಕೊಡುವ ಒಪ್ಪಂದಕ್ಕೆ 2025ರಲ್ಲಿ ಕೋರ್ಟಿನ ಅಂತಿಮ ಒಪ್ಪಿಗೆ ಸಿಕ್ಕಿತು. ಆ ವರ್ಷದ ಸೀಸನ್ನಿನಿಂದ ಸ್ಕಾಲರ್‌ಶಿಪ್ಪಿಗೆ ಮಿತಿ ಇಲ್ಲ, ತಂಡಕ್ಕೆ ಇದೆ: ಒಟ್ಟು 105 ಜನ. ಆಟಗಾರರಿಗೆ ದುಡ್ಡು ಸಿಗಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಲೆಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರಿಗೆ ಜಾಗ ಇಲ್ಲ, ಮತ್ತೆ ಜಾಗ ಇಲ್ಲದವರು ಯಾರು ಅಂತ ಕೇಳಬೇಕಾಗಿಲ್ಲ. ಅಲಬಾಮಾಕ್ಕೆ ಇದರಿಂದ ಅಂಥಾ ನಷ್ಟವಿಲ್ಲ, ಅವರಿಗೆ ಬಾಗಿಲಲ್ಲೇ ಸಿದ್ಧ ಮಾಲು ಬರುತ್ತೆ. ನೆಬ್ರಾಸ್ಕಾ ತನ್ನ ಪ್ರತಿಭೆಯನ್ನು ತಯಾರು ಮಾಡ್ತಿದ್ದದ್ದೇ ಆ ಸಾಲಿನಲ್ಲಿ. ಊರಿನ ಪತ್ರಿಕೆ, ರೇಡಿಯೋ ಎಲ್ಲ ಕಡೆ ಈಗ ಚರ್ಚೆ ನಡೀತಿರೋದು ಮುಂದಿನ ವರ್ಷದ ನಕ್ಷತ್ರಗಳ ಬಗ್ಗೆ.

ಮಗಳ ಲ್ಯಾಬ್ ಜೊತೆಗಾರನಿಗೆ ಇನ್ನೂ ಎರಡು ವರ್ಷ ಓದು ಬಾಕಿ. ತಂಡದಲ್ಲಿ ಜಾಗ ಇರುತ್ತೋ ಇಲ್ವೋ ಅಂತ ಅವನಿಗೆ ಯಾರೂ ಹೇಳಿಲ್ಲ. ಈ ವಾರ ಸೊನ್ನೆಗಿಂತ ಕೆಳಗೆ ಹದಿನೈದು ಡಿಗ್ರಿ ಚಳಿ ಇದೆ, ಆದರೂ ಬೆಳಿಗ್ಗೆ ಆರಕ್ಕೆ ಹೋಗ್ತಾನಂತೆ.