ಒಂದೇ ಮನೆಯಲ್ಲಿ ಪಂಕ್ತಿಭೇದ

ಅಮೆರಿಕದ ತೆರಿಗೆ ಕಾನೂನಿನಲ್ಲಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಅಂತ ಒಂದಿದೆ. ಹದಿನೇಳು ತುಂಬದ ಮಕ್ಕಳಿದ್ದರೆ ಅಪ್ಪ-ಅಮ್ಮ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿತ. 2024ರ ಲೆಕ್ಕಕ್ಕೆ ಮಗುವಿಗೆ 2,000 ಡಾಲರ್, 2025ರಿಂದ 2,200. ಹೆಸರು ಕೇಳಿದರೆ ಮಕ್ಕಳಿಗಾಗಿಯೇ ಮಾಡಿದ ಹಾಗಿದೆ. ಆದರೆ ವರ್ಷದ ಮಧ್ಯೆ ಗಂಟುಮೂಟೆ ಕಟ್ಟಿ ಊರಿಗೆ ಹೊರಟ ಎಚ್-1ಬಿ ಕುಟುಂಬ ಫಾರಂ ತುಂಬಲು ಕೂತಾಗ ಗೊತ್ತಾಗುತ್ತೆ, ಈ ಕಾನೂನು ನೋಡೋದು ಮಗುವನ್ನಲ್ಲ, ಮಗುವಿನ ನಂಬರನ್ನು.

ಡಲ್ಲಾಸ್‌ನ ಒಂದು ಮನೆ ಅಂದುಕೊಳ್ಳಿ. ದೊಡ್ಡವಳು ಹಾಸನದಲ್ಲಿ ಹುಟ್ಟಿದವಳು, ಚಿಕ್ಕವನು ಅಲ್ಲೇ ಹುಟ್ಟಿದವನು. ಇಬ್ಬರೂ ಕುಡಿಯೋದು ಒಂದೇ ಕ್ಯಾನ್ ಹಾಲು. ಚಿಕ್ಕವನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇದೆ, 2,000 ಡಾಲರ್. ದೊಡ್ಡವಳು ಎಚ್-4 ವೀಸಾದವಳು, ಅವಳಿಗೆ ಸಿಗೋದು ತೆರಿಗೆಗೆ ಮಾತ್ರ ಬಳಕೆಯಾಗುವ ಐಟಿಐಎನ್. ಆದ್ದರಿಂದ 500 ಡಾಲರ್. 2017ರ ಕೊನೆಯಲ್ಲಿ ಬಂದ ಕಾನೂನು ಮಾಡಿದ ವ್ಯತ್ಯಾಸ ಇದು, ಅದಕ್ಕೂ ಮುಂಚೆ ಐಟಿಐಎನ್ ಇದ್ದ ಮಗುವಿಗೂ ಪೂರ್ತಿ ಕ್ರೆಡಿಟ್ ಸಿಗುತ್ತಿತ್ತು. ಈಗ ಕೆಲಸ ಮಾಡಲು ಅರ್ಹವಾದ ನಂಬರೇ ಬೇಕಂತೆ. ಆರು ವರ್ಷದ ಹುಡುಗಿಗೆ ಕೆಲಸದ ಅರ್ಹತೆ ಯಾಕೆ ಸ್ವಾಮಿ? ತೊಟ್ಟಿಲಲ್ಲಿರೋ ತಮ್ಮನೇನು ಡ್ಯೂಟಿಗೆ ಹೋಗ್ತಾನಾ? ನಮ್ಮೂರ ಮದುವೆ ಊಟದಲ್ಲಿ ಪಕ್ಕಪಕ್ಕ ಕೂತ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಹೋಳಿಗೆ ಬಡಿಸಿ, ಇನ್ನೊಬ್ಬರಿಗೆ ಬರೀ ಉಪ್ಪಿನಕಾಯಿ ಇಟ್ಟರೆ ಏನಂತೀವಿ?

ಅಕ್ರಮವಾಗಿ ಬಂದವರಿಗೆ ದುಡ್ಡು ಹೋಗದಿರಲಿ ಅಂತ ಈ ನಿಯಮ ಅನ್ನುವವರಿದ್ದಾರೆ. ಇರಲಿ. ಆದರೆ ಈ ಹುಡುಗಿ ವೀಸಾ ಹಿಡಿದು ಬಂದವಳು, ಅಪ್ಪ ಪೈಸೆ ಬಿಡದೆ ತೆರಿಗೆ ಕಟ್ಟಿದವನು.

ಇನ್ನು ಹೊರಡುವ ಮಾತು. ಇಲ್ಲಿ ಜೂನ್ ಹೊತ್ತಿಗೆ ಸ್ಕೂಲ್ ಶುರು, ಹಾಗಾಗಿ ಎಷ್ಟೋ ಜನ ವರ್ಷದ ನಡುವೆಯೇ ಬರ್ತಾರೆ. ಆಗ ಕೇಳಿಬರುವ ಸಲಹೆ, ‘ಮಗು ಆರು ತಿಂಗಳು ಅಮೆರಿಕದಲ್ಲಿರಬೇಕು, ಜುಲೈ ದಾಟಿಸಿ’ ಅಂತ. ನಿಯಮ ಹೇಳೋದು ಮಗು ಅರ್ಧ ವರ್ಷಕ್ಕಿಂತ ಹೆಚ್ಚು ನಿಮ್ಮ ಜೊತೆ ಇರಬೇಕು ಅಂತಷ್ಟೇ, ಆ ಮನೆ ಹಾಸನದಲ್ಲಿದ್ದರೂ ಆದೀತು. ಅಮೆರಿಕದಲ್ಲೇ ಅರ್ಧ ವರ್ಷ ಮನೆ ಇರಬೇಕು ಅನ್ನುವ ಷರತ್ತು ಇದ್ದದ್ದು 2021ರ ಕೊರೊನಾ ಕಾಲದ ಕ್ರೆಡಿಟ್ ಪೂರ್ತಿ ಕೈಗೆ ಬರೋದಕ್ಕೆ.

ನಿಜವಾದ ಹೊಡೆತ ಬೀಳೋದು ಬೇರೆ ಕಡೆ. ಹಿಂದಿನ ಎರಡು ವರ್ಷ ಪೂರ್ತಿ ಅಲ್ಲೇ ಇದ್ದವನು ಈ ವರ್ಷ 31 ದಿನ ಇದ್ದರೂ ಸಾಕು, ದಿನಗಳ ಲೆಕ್ಕದಲ್ಲಿ ನಿವಾಸಿ ಆಗ್ತಾನೆ. ನಂತರ ಊರಲ್ಲಿ ನೆಲೆಸಿದ್ದೇನೆ ಅಂತ ಹೇಳಿಕೆ ಕೊಟ್ಟರೆ ಆ ವರ್ಷ ಅರ್ಧ ನಿವಾಸಿ, ಅರ್ಧ ಅನಿವಾಸಿ. ಗಂಡ-ಹೆಂಡತಿ ಇಬ್ಬರೂ ಹೀಗೆ ಬಂದವರಾದರೆ ಜಂಟಿ ರಿಟರ್ನ್ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. 2024ರಲ್ಲಿ ಜಂಟಿಯಾಗಿ 60,000 ಡಾಲರ್ ಸಂಬಳ ತೋರಿಸುವ ಮನೆಗೆ ಕ್ರೆಡಿಟ್‌ಗೂ ಮೊದಲಿನ ತೆರಿಗೆ 3,232. ಅರ್ಧ ವರ್ಷದಲ್ಲಿ ಅಷ್ಟೇ ದುಡಿದು ಹೊರಟವನಿಗೆ, ಬೇರೆ ಕಡಿತ ಇಲ್ಲದಿದ್ದರೆ, 8,253. ಬೇಡ, ವರ್ಷಪೂರ್ತಿ ನಿವಾಸಿಯಾಗೇ ಇರ್ತೀನಿ ಅಂದರೆ ಭಾರತದ ಸಂಬಳವನ್ನೂ ಅಲ್ಲಿ ತೋರಿಸಬೇಕು. ಮಗುವಿನ ಎರಡು ಸಾವಿರದ ಬಗ್ಗೆ ತಲೆ ಕೆಡಿಸಿಕೊಳ್ಳುವಾಗ ಐದು ಸಾವಿರ ಸದ್ದಿಲ್ಲದೆ ಜಾರಿರುತ್ತೆ.

ಊರಿಗೆ ಬಂದ ಮೇಲೂ ಪಂಕ್ತಿಭೇದ ಮುಗಿಯಲ್ಲ, ತಿರುಗುತ್ತೆ ಅಷ್ಟೇ. ಸತತ ಮೂರು ವರ್ಷ ರಿಟರ್ನ್‌ನಲ್ಲಿ ಬಳಸದಿದ್ದರೆ ದೊಡ್ಡವಳ ಐಟಿಐಎನ್ ಸತ್ತುಹೋಗುತ್ತೆ, ಅವಳು ಬಿಡುಗಡೆ. ಚಿಕ್ಕವನು ಪ್ರಜೆ. ಮುಂದೆ ಹಾಸನದಲ್ಲೇ ಕೂತು ದುಡಿದರೂ ಆದಾಯ ಮಿತಿ ದಾಟಿದರೆ ಅಮೆರಿಕಕ್ಕೆ ರಿಟರ್ನ್ ಹಾಕಬೇಕು.

ಪರಿಹಾರ ಕಷ್ಟದ್ದೇನಲ್ಲ. ಕಾನೂನುಬದ್ಧವಾಗಿ ಇದ್ದ ಪ್ರತಿ ಮಗುವಿಗೂ, ಇದ್ದಷ್ಟು ತಿಂಗಳಿಗೆ, ಒಂದೇ ದರದಲ್ಲಿ ಕ್ರೆಡಿಟ್ ಕೊಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಅದೇ ತಿಂಗಳ ಲೆಕ್ಕದಲ್ಲಿ ಸಿಗಲಿ. ತಿಂಗಳು ತಿಂಗಳು ಸಂಬಳದಲ್ಲಿ ತೆರಿಗೆ ಹಿಡಿಯಲು ಬರುವ ಸರ್ಕಾರಕ್ಕೆ ತಿಂಗಳ ಲೆಕ್ಕದಲ್ಲಿ ಬಿಟ್ಟುಕೊಡಲು ಬರಲ್ವಾ?