ಒಂದೇ ಜನ, ಎರಡು ಹೆಸರು: ಗ್ರಂಥಾಲಯದ ಕಪಾಟಿನಲ್ಲಿ ವಯನಾಡಿನ ಚರಿತ್ರೆ

ಗಡಿನಾಡು ಅಂದ ಕೂಡಲೇ ಕನ್ನಡದವರಾದ ನಾವು ನಮಗಾದ ನಷ್ಟವನ್ನೇ ಮೊದಲು ಹೇಳ್ತೀವಿ. ವಯನಾಡಿನಲ್ಲಿ ಅದಕ್ಕಿಂತ ಹಳೆಯ ಲೆಕ್ಕವೊಂದು ಬಾಕಿ ಇದೆ. ಅಲ್ಲಿ ಅಡಿಯರು ಅನ್ನಿಸಿಕೊಳ್ಳುವವರೇ ಕೊಡಗಿನಲ್ಲಿ ಯರವರು; ತಮ್ಮನ್ನು ಅವರು ಕರೆದುಕೊಳ್ಳುವುದು ರಾವುಳರು ಎಂದು. ಗ್ರಂಥಾಲಯದ ಸೂಚಿಯಲ್ಲಿ ಈ ಮೂರು ಹೆಸರುಗಳನ್ನು ಒಂದಕ್ಕೊಂದು ಜೋಡಿಸದಿದ್ದರೆ, ರಾಜ್ಯದ ಗಡಿ ಕಪಾಟಿನೊಳಗೂ ಬಂದು ಕೂರುತ್ತದೆ.

ಪಿ. ವತ್ಸಲಾ ಅವರ ‘ನೆಲ್ಲು’ (1972) ತಿರುನೆಲ್ಲಿಯ ಅಡಿಯರ ಬದುಕಿನ ಕಾದಂಬರಿ. 1974ರಲ್ಲಿ ಸಿನಿಮಾನೂ ಆಯ್ತು, ಹೆಸರಾಯ್ತು. ಅದೇ ಸಮುದಾಯದ ಸಿ.ಕೆ. ಜಾನು ಅವರ ಜೀವನಕಥೆಯನ್ನು ಭಾಸ್ಕರನ್ ಬರೆದುಕೊಂಡರು; ಅದು 2004ರಲ್ಲಿ ‘ಮದರ್ ಫಾರೆಸ್ಟ್’ ಎಂದು ಇಂಗ್ಲಿಷಿಗೂ ಬಂತು. ಡ್ಯೂಯಿ ಪದ್ಧತಿಯಂತೆ ಜೋಡಿಸಿದರೆ ಮೊದಲನೆಯದು ಸಾಹಿತ್ಯಕ್ಕೆ, ಎರಡನೆಯದು ಜೀವನಚರಿತ್ರೆಗೋ 305.8ರ ಜನಾಂಗ ಅಧ್ಯಯನಕ್ಕೋ ಹೋಗುತ್ತದೆ. ಕೇರಳದ ಇತಿಹಾಸದ 954.83ರಲ್ಲಿ ಎರಡೂ ಇರುವುದಿಲ್ಲ. ‘ನೆಲ್ಲು’ ಓದಿ ಮರುಗಿದ ಓದುಗ ಜಾನು ಅವರ ಮಾತಿನವರೆಗೆ ಹೋಗಲು ಕಪಾಟು ದಾರಿಯನ್ನೇ ತೋರಿಸೋದಿಲ್ಲ. ನನ್ನ ತಕರಾರು ಕಾದಂಬರಿಯ ಮೇಲಲ್ಲ. ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನುದಾರರು ಮುಂಗಡ ಕೊಟ್ಟು ಅಡಿಯರನ್ನೂ ಪಣಿಯರನ್ನೂ ಒಂದು ವರ್ಷದ ಮಟ್ಟಿಗೆ ಜೀತಕ್ಕೆ ಹಿಡಿಯುತ್ತಿದ್ದರು. ಇದು ಜಾನಪದವಲ್ಲ, ಕೂಲಿಯ ಇತಿಹಾಸ. ಜೀತ ನಿಷೇಧದ ಕಾನೂನು ಬಂದದ್ದೇ 1976ರಲ್ಲಿ.

ಕೆನಡಾದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣ ಅಲ್ಲಿನ ಮೂಲನಿವಾಸಿ ಜನಗಳನ್ನು ಅಕಾರಾದಿಯಾಗಿ ಸಾಲು ನಿಲ್ಲಿಸಿತ್ತು. ನೆಲದ ಮೇಲೆ ನೆರೆಹೊರೆಯವರಾದವರು ಕಪಾಟಿನಲ್ಲಿ ದೂರದೂರ. ಮೊಹಾಕ್ ಸಮುದಾಯದ ಗ್ರಂಥಪಾಲಕ ಬ್ರಯಾನ್ ಡೀರ್ 1970ರ ದಶಕದಲ್ಲಿ ಅದನ್ನು ಬಿಟ್ಟು, ನೆಲ ಮತ್ತು ನಂಟಿನ ಪ್ರಕಾರ ಜೋಡಿಸುವ ಪದ್ಧತಿ ಮಾಡಿದರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲನಿವಾಸಿ ಗ್ರಂಥಾಲಯ ಅದರ ಪರಿಷ್ಕೃತ ರೂಪವನ್ನು ಬಳಸುತ್ತದೆ. ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಕರೆಗಳನ್ನು ಕೊಡುವುದಕ್ಕೆ ದಶಕಗಳ ಮೊದಲೇ ಆದ ಕೆಲಸ ಇದು.

ಆ ಆಯೋಗದ ಹೆಸರಲ್ಲಿ ಸತ್ಯ ಮೊದಲು ಬರುತ್ತೆ, ಗಮನಿಸಿ. ನಮ್ಮೂರ ಕಡೆ ‘ರಾಜಿ’ ಅಂದ್ರೆ ಸೋತವನೇ ಇನ್ನೊಂದಿಷ್ಟು ಬಿಟ್ಟುಕೊಡೋದು! ಹಾಗಾಗಿ ಆ ಪದ ನನಗೆ ಬೇಡ.

ಸೂಚಿಯಲ್ಲಿ ‘ಯರವ: ಅಡಿಯ, ರಾವುಳ ನೋಡಿ’ ಎಂಬ ಒಂದು ಸಾಲು ಸೇರಿಸಲು ಅನುದಾನ ಬೇಕಿಲ್ಲ. ರಾವುಳ ಮಾತಿಗೆ ತನ್ನದೇ ಲಿಪಿಯಿಲ್ಲ. ಆದ್ದರಿಂದ ಪುಸ್ತಕಕ್ಕಷ್ಟೇ ಕಾಯದೆ, ಹಿರಿಯರ ಮಾತಿನ ಧ್ವನಿಮುದ್ರಣವೂ ಇರಬೇಕು. ಯಾರು ಕೇಳಬಹುದು, ಯಾರು ಬೇಡ ಅನ್ನೋದನ್ನ ಹೇಳಿದವರೇ ತೀರ್ಮಾನಿಸಬೇಕು. ಬಂಡೀಪುರಕ್ಕೆ ಅಂಟಿಕೊಂಡಿರುವ ಮುತ್ತಂಗದಲ್ಲಿ 2003ರ ಫೆಬ್ರವರಿ 19ರಂದು, ಭೂಮಿ ಕೇಳಿ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೋರಾಟದ ಮುಂಚೂಣಿಯಲ್ಲಿದ್ದವರು ಇದೇ ಜಾನು. ಆ ವಾರದ ಮಲಯಾಳಂ ಮತ್ತು ಕನ್ನಡ ಪತ್ರಿಕೆಗಳನ್ನು ಸುಲ್ತಾನ್ ಬತ್ತೇರಿಯಲ್ಲೂ ಗುಂಡ್ಲುಪೇಟೆಯಲ್ಲೂ ಜಾನು ಅವರ ಪುಸ್ತಕದ ಪಕ್ಕದಲ್ಲೇ ಓದಲು ಇಡಬೇಕು.